ಬತ್ತಿದ ದಬದಬಿಯ ಮುಂದೆ

ಗಂಡನ ಬೆನ್ನು ನೀಲಗಂಗಾಳಿಗೆ ಬಾಯಿಪಾಠವಾಗಿತ್ತು. ಬಿಳಿ ಕೋಟಿನ ಎಡ ಹೆಗಲ ಹೊಲಿಗೆ ಒಂದಿಷ್ಟು ಬಿಚ್ಚಿತ್ತು. ರುಮಾಲಿನ ಕೆಳಗೆ, ಕತ್ತಿನ ಮೇಲೆ, ಸಾಸಿವೆ ಕಾಳಿನಷ್ಟು ಒಂದು ಮಚ್ಚೆ ಇತ್ತು. ಮೋಟಾರು ತಗ್ಗಿಗೆ ಬಿದ್ದಾಗಲೆಲ್ಲ ಆ ಬೆನ್ನು ಮೇಲೆದ್ದು ಮತ್ತೆ ಕೂರುತ್ತಿತ್ತು. ಮದುವೆಯಾಗಿ ಮೂರು ತಿಂಗಳಾದ ಹೆಣ್ಣುಮಗಳಿಗೆ ಗಂಡನ ಬಗ್ಗೆ ಗೊತ್ತಿದ್ದದ್ದು ಇಷ್ಟೇ ಎಂದರೆ ಯಾರಿಗಾದರೂ ಸಿಟ್ಟು ಬಂದೀತು. ಆಕೆಗಂತೂ ಬಂದಿತ್ತು.

ಕಲಬುರಗಿಯ ಶರಣಬಸವೇಶ್ವರ ಗುಡಿಯ ಓಣಿಯಿಂದ ಮೋಟಾರು ಹೊರಟದ್ದು ಬೆಳಗಿನ ಜಾವಕ್ಕೆ. ಬೇಸಿಗೆಯಲ್ಲಿ ಆರು ದಿನ ಗುಡ್ಡದ ಸೀಮೆ ಸುತ್ತಿ ಬರೋಣವೆಂದು ಮಾವ ದೌಲಪ್ಪನವರು ಹಟ ಹಿಡಿದು ಗಾಡಿ ಗೊತ್ತು ಮಾಡಿದ್ದರು. ಅರಿವೆ ಅಂಗಡಿಯ ಸಾಹುಕಾರರು. ಊರಿಗೆ ಹೊಸದೇನು ಬಂದರೂ ಮೊದಲು ಅವರೇ ಮುಟ್ಟಿ ನೋಡಬೇಕು. ಮೋಟಾರಿನ ಮಾಲೀಕ ಸಲಾವುದ್ದೀನ್, ನಡೆಸುವವನೂ ಅವನೇ. ಮುಂದೆ ಅವನು, ನಡುವೆ ಗಂಡ ಅಣವೀರಪ್ಪ, ಅಂಚಿಗೆ ಮಾವ. ಹಿಂದೆ ಅತ್ತೆ ಸೂಗಮ್ಮ, ನಡುವೆ ಮಾವನ ಅಕ್ಕ ಶಂಕ್ರಮ್ಮ, ಮೂಲೆಗೆ ನೀಲಗಂಗಾ. ಹೆಣ್ಣುಮಕ್ಕಳಿದ್ದಾರೆಂದು ಸಲಾವುದ್ದೀನ್ ಎರಡೂ ಪಕ್ಕಕ್ಕೆ ದಪ್ಪ ಪಡದೆ ಬಿಗಿದಿದ್ದ. ಹೀಗಾಗಿ ಗುಡ್ಡ ನೋಡಲು ಹೊರಟವಳಿಗೆ ಕಾಣುತ್ತಿದ್ದದ್ದು ಒಂದು ಬೆನ್ನು ಮಾತ್ರ.

ಮಾಘದಲ್ಲಿ ಮದುವೆ ಆಗಿತ್ತು. ಪ್ರಸ್ತಕ್ಕೆ, ಅಂದರೆ ಗಂಡ ಹೆಂಡಿರನ್ನು ಒಂದು ಕೋಣೆಗೆ ಬಿಡುವ ಶಾಸ್ತ್ರಕ್ಕೆ, ಯುಗಾದಿಯ ಮೇಲೆ ದಿನ ನೋಡಿದ್ದರು. ಅಷ್ಟರಲ್ಲಿ ಅಣವೀರಪ್ಪ ಸರಕಾರಿ ಪರೀಕ್ಷೆಗೆಂದು ಹೈದ್ರಾಬಾದಿಗೆ ಹೋದ. ಅವನು ಬಂದ, ಅವನ ಹಿಂದೆಯೇ ಅಧಿಕ ವೈಶಾಖವೂ ಬಂತು. ಅಧಿಕ ಮಾಸದಲ್ಲಿ ಯಾವ ಶುಭಕಾರ್ಯವೂ ಇಲ್ಲ. ಪ್ರಸ್ತ ಆಗುವವರೆಗೆ ಗಂಡ ಹೆಂಡತಿ ಇಬ್ಬರೇ ನಿಂತು ಮಾತಾಡಬಾರದೆಂಬುದು ಶಂಕ್ರಮ್ಮನ ಕಾಯಿದೆ. ನಿಜಾಮ ಸರಕಾರದ ಕಾಯಿದೆಗಾದರೂ ಒಂದು ಅರ್ಜಿ ಹಾಕಬಹುದಿತ್ತು, ಇದಕ್ಕೆ ಅದೂ ಇಲ್ಲ.

ನೀಲಗಂಗಾ ಇಪ್ಪತ್ತು ತುಂಬಿದವಳು. ತಾಯಿ ಎರಡು ವರ್ಷ ಹಾಸಿಗೆ ಹಿಡಿದಿದ್ದರಿಂದ ಮದುವೆಯೇ ತಡವಾಗಿತ್ತು. ಅದು ಸಾಲದೆಂದು ಪಂಚಾಂಗವೂ ಒಂದು ತಿಂಗಳು ಹೆಚ್ಚಿಗೆ ಹಾಕಿತ್ತು.

ಹಾಗೆಂದು ಸುಖವೇ ಇರಲಿಲ್ಲ ಎನ್ನುವಂತಿಲ್ಲ. ಮೊದಮೊದಲು ಅಣವೀರಪ್ಪನಿಗೆ ದಿನಕ್ಕೆ ಹತ್ತು ಸಲ ನೀರಡಿಕೆ ಆಗುತ್ತಿತ್ತು. ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುವನು. ಆಕೆ ತಂಬಿಗೆ ಕೊಟ್ಟರೆ, ಕುಡಿಯುವಾಗ ತಂಬಿಗೆಯ ಅಂಚಿನ ಮೇಲೆ ಕಣ್ಣು ಮಾತ್ರ ಕಾಣುತ್ತಿದ್ದವು. ಆ ಕಣ್ಣು ನಗುತ್ತಿದ್ದವು. ಒಂದು ಸಲ ಗಡಿಬಿಡಿಯಲ್ಲಿ ಆಕೆ ಖಾಲಿ ತಂಬಿಗೆಯನ್ನೇ ಕೊಟ್ಟಿದ್ದಳು. ಅವನು ಆಕೆಯನ್ನೇ ನೋಡುತ್ತ, ಇಲ್ಲದ ನೀರನ್ನು ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಹೋಗಿದ್ದ. ನೆನೆಸಿಕೊಂಡು ಆಕೆ ಎರಡು ದಿನ ನಕ್ಕಿದ್ದಳು.

ಈಗ ಹದಿನೈದು ದಿನದಿಂದ ಅವನಿಗೆ ನೀರಡಿಕೆಯೇ ಇಲ್ಲ.

ಹದಿನೈದು ದಿನದ ಹಿಂದೆ ಕೆರೆ, ರಸ್ತೆ ಕಟ್ಟಿಸುವ ತಾಮೀರಾತ್ ಖಾತೆಯಿಂದ ಹುಕುಂ ಬಂದಿತ್ತು. ವರಂಗಲ್ಲಿನ ಆಚೆ ಒಂದು ಕೆರೆಯ ಕೆಲಸಕ್ಕೆ ಅಣವೀರಪ್ಪ ಓವರಸೀಯರ. ಮುಂದಿನ ತಿಂಗಳು ಹಾಜರಾಗಬೇಕು. ಮರುದಿನ ಸೂಗಮ್ಮ ಜೋಳ ಹಸನು ಮಾಡುತ್ತ, ಮೊರದಿಂದ ಕಣ್ಣೆತ್ತದೆ ಸೊಸೆಯನ್ನು ಕೇಳಿದರು.

"ಅಂವ ವರಂಗಲ್ಲಿಗೆ ಹೊಂಟಾನ. ನೀ ಇಲ್ಲಿರ್ತಿಯೋ, ಅವನ ಹಿಂದ ಹೋಗ್ತಿಯೋ?"

ಇಂಥ ಪ್ರಶ್ನೆಗೆ ಆ ಸೀಮೆಯ ಹೊಸ ಸೊಸೆ ಕೊಡಬಹುದಾದ ಉತ್ತರ ಒಂದೇ. ಹೋಗ್ತೀನಿ ಎಂದರೆ ನಾಚಿಕೆ ಬಿಟ್ಟವಳು. ಇರ್ತೀನಿ ಎಂದರೆ ಗಂಡನ ಮೇಲೆ ಮನಸ್ಸಿಲ್ಲದವಳು. ಒಳಗೆ ಎದೆ ಹೋಗ್ತೀನಿ, ಹೋಗ್ತೀನಿ ಎಂದು ಬಡಿದುಕೊಳ್ಳುತ್ತಿದ್ದರೂ ನೀಲಗಂಗಾ ತವರಿನಲ್ಲಿ ಕಲಿಸಿ ಕಳಿಸಿದ್ದನ್ನೇ ಹೇಳಿದಳು.

"ನೀವು ಹೇಳಿದಂಗ್ರಿ ಅತ್ತಿ."

ಸೂಗಮ್ಮ ಹೂಂ ಎಂದು ಮೊರ ಕೊಡವಿದರು. ಅಂದಿನಿಂದಲೇ ಅಣವೀರಪ್ಪ ಮುಖ ತಿರುಗಿಸಿದ್ದು. ಗುಡ್ಡ ಸುತ್ತಿ ಬಂದ ಮರುದಿನವೇ ರೈಲು ಹತ್ತುತ್ತೇನೆ, ಇಲ್ಲಿದ್ದು ಮಾಡುವುದೇನು ಎಂದು ಅವನು ತಂದೆಗೆ ಹೇಳಿದ್ದು ಆಕೆಯ ಕಿವಿಗೂ ಬಿತ್ತು. ಪ್ರಸ್ತದ ಮಾತು ಮುಂದಿನ ವರ್ಷ, ರಜೆ ಸಿಕ್ಕಾಗ. ತಾನು ಅವನಿಗೆ ಬೇಡವಾದೆನೆಂದು ಆಕೆ ಹಿತ್ತಲಲ್ಲಿ ಎರಡು ಸಲ ಅತ್ತಳು. ಮೂರನೆಯ ಸಲ ಅಳುವೂ ಬರಲಿಲ್ಲ, ಬರೀ ಸಿಟ್ಟು ಬಂತು.

ಮೊದಲ ತಂಗುದಾಣ ಕಮಲಾಪುರ. ಅದು ನೀಲಗಂಗಾಳ ತವರು. ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು, ತುಪ್ಪದಲ್ಲಿ ಕರಿದ ಮೂವತ್ತಮೂರು ಅನಾರಸಗಳನ್ನು ತಟ್ಟೆಯಲ್ಲಿಟ್ಟು ಕೊಡುವುದು ಆ ಮನೆಯ ರೂಢಿ. ಮೂರು ದಿನದಿಂದ ತಾಯಿ ಒಲೆಯ ಮುಂದಿಂದ ಎದ್ದಿರಲಿಲ್ಲ. ಮಗಳ ಮುಖ ನೋಡಿ, ಯಾಕೆ ಸೊರಗೀದಿ ಎಂದು ಕೇಳಿದಳು, ಉತ್ತರಕ್ಕೆ ಕಾಯದೆ ಕರಿಯುವ ಜಾಲರಿ ಸೌಟು ಕೈಗೆ ಕೊಟ್ಟಳು.

ಮಧ್ಯಾಹ್ನ ಅಡಿಗೆಮನೆಯಲ್ಲಿ ಸೂಗಮ್ಮ ಬೀಗತಿಯ ಮುಂದೆ ಸೊಸೆಯ ಗುಣಗಾನಕ್ಕೆ ಕುಳಿತರು. ಮಗ ತಾನೇ ಬಾಯಿ ಬಿಟ್ಟು, ಆಕಿ ನನ್ನ ಜೋಡಿ ಬರ್ತಾಳೇನು ಕೇಳವ್ವಾ ಎಂದಿದ್ದನಂತೆ. ಕೇಳಿದರೆ ಸೊಸೆ ಎಷ್ಟು ಮರ್ಯಾದೆಯಿಂದ, ನೀವು ಹೇಳಿದಂಗೆ ಎಂದಳು! ಹಾಗೆಂದರೆ ಅತ್ತೆಯ ಹತ್ತಿರ ಇರುತ್ತೇನೆ ಎಂದಂತೆಯೇ ಅಲ್ಲವೇ? ಮಗನಿಗೂ ಹಾಗೆಯೇ ತಿಳಿಸಿದೆ ಎಂದರು. ಬೀಗತಿಯ ಎದೆ ಹಿಗ್ಗಿತು. ಬಾಗಿಲ ಮರೆಯಲ್ಲಿ ನಿಂತಿದ್ದ ನೀಲಗಂಗಾಳ ಕೈಯಲ್ಲಿನ ಹಾಲಿನ ಚರಿಗೆ ತುಳುಕಿತು.

ಅವನು ಕೇಳಿದ್ದ. ಆ ಸುದ್ದಿಗೆ ಆಕೆಗೆ ಅಂಗಳದಲ್ಲಿ ಒಂದು ಸುತ್ತು ಕುಣಿಯಬೇಕೆನಿಸಿತು. ಮರುಗಳಿಗೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಕೇಳಿದವನು ತನ್ನನ್ನು ಕೇಳಿರಲಿಲ್ಲ, ಹೇಳಿದವಳು ಅವನಿಗೆ ಹೇಳಿರಲಿಲ್ಲ, ಮಧ್ಯದಲ್ಲಿ ಇಬ್ಬರ ಸಂಸಾರವೂ ಒಂದು ಮೊರದ ಜೋಳದ ಜೊತೆ ಕೊಡವಿ ಹೋಗಿತ್ತು. ಈಗ ಅತ್ತೆಗೇ ಹೇಳೋಣವೆಂದರೆ, ಬೀಗತಿಯ ಮುಂದೆ ಆಡಿದ ಮಾತನ್ನು ಸುಳ್ಳು ಮಾಡಿದಂತೆ. ಗಂಡನಿಗೇ ಹೇಳಬೇಕು. ನಾ ಬರ್ತೀನಿ ಎಂದರೆ ಮುಗಿಯಿತು. ಆರು ದಿನಗಳಲ್ಲಿ ಇಷ್ಟು ಹೇಳಲಾಗದೇ ಎಂದುಕೊಂಡಳು ಪಾಪ.

ಮೂರನೆಯ ಇಯತ್ತೆಯವರೆಗೆ ಕಲಿತವಳು ಆಕೆ. ಒಂದು ಕಾಗದದ ಚೂರಿನ ಮೇಲೆ ಮಸಿಯಲ್ಲಿ "ನಾ ಬರ್ತೀನಿ" ಎಂದು ಬರೆದು, ಅಳಿಯನಿಗೆ ಕೊಡುವ ತಟ್ಟೆಯಲ್ಲಿ ಮೇಲಿನ ಅನಾರಸದ ಅಡಿಗೆ ಇಟ್ಟಳು. ಬಾಗಿಲ ಸಂದಿಯಿಂದ ನೋಡುತ್ತ ನಿಂತಳು. ಅಣವೀರಪ್ಪ ಅನಾರಸ ಎತ್ತಿದ. ಕಾಗದ ಕೈಗೆ ಬಂತು. ತುಪ್ಪ ಕುಡಿದು ಮಸಿ ಹರಡಿ ಅದೊಂದು ನೀಲಿ ಕಲೆಯಾಗಿತ್ತು. ತುಪ್ಪ ಹೀರಲೆಂದು ತನ್ನ ಅತ್ತೆ ಇಟ್ಟ ಕಾಗದವೆಂದು ತಿಳಿದ ಆ ಮಹಾರಾಯ ಅದಕ್ಕೇ ಬೆರಳು ಒರೆಸಿಕೊಂಡು, ಉಂಡೆ ಕಟ್ಟಿ ಅಂಗಳಕ್ಕೆ ಒಗೆದ.

ಸಂಜೆ ತಂದೆ ಅಳಿಯನಿಗೆ ಬಾಳೆಯ ತೋಟ ತೋರಿಸಲು ಹೊರಟ. ಕಮಲಾಪುರದ ಕೆಂಪು ಬಾಳೆ ಎಂದರೆ ಆ ತಂದೆಗೆ ಮಗಳಿಗಿಂತ ಒಂದು ಕೈ ಹೆಚ್ಚು. ನೀಲಗಂಗಾ ತಾನೂ ಹೊರಟಳು. ಶಂಕ್ರಮ್ಮ ಬೆನ್ನ ಹಿಂದೆ ಬಂದರು. ತಂದೆ ಆಳನ್ನು ಕರೆಯಲು ಬಾವಿಯ ಕಡೆಗೆ ಹೋದಾಗ, ಗೊನೆ ಬಾಗಿದ ಒಂದು ಬಾಳೆಯ ಆ ಕಡೆ ಅವನು, ಈ ಕಡೆ ಆಕೆ, ನಡುವೆ ಶಂಕ್ರಮ್ಮ ಉಳಿದರು. ಹಸಿರು ಎಲೆಯೊಳಗಿಂದ ಬಂದ ಬಿಸಿಲು ಅವನ ಮುಖದ ಮೇಲೆ ಬಿದ್ದಿತ್ತು. ಬೆನ್ನಿಗಿಂತ ಮುಖ ಎಷ್ಟೋ ಚೆಂದ ಇದೆ ಎಂದು ಆಕೆ ಹೊಸದಾಗಿ ಕಂಡುಕೊಂಡಳು. ಅದಕ್ಕೂ ಸಿಟ್ಟು ಬಂತು.

ಅವನು ಒಂದು ಹಣ್ಣು ಸುಲಿಯುತ್ತ, ಶಂಕ್ರಮ್ಮನ ಕಡೆ ನೋಡಿ ಮಾತು ತೆಗೆದ.

"ಅತ್ತಿ, ಕೆಲವ್ರಿಗೆ ತಮ್ಮ ಸೀಮಿ ಗಾಳಿ ಬಿಟ್ಟು ಬರೋದು ಆಗಂಗಿಲ್ಲ ನೋಡ್ರಿ."

ನೀಲಗಂಗಾ ಕೂಡ ಶಂಕ್ರಮ್ಮನಿಗೇ ಹೇಳಿದಳು. "ಅತ್ತಿ, ಕೆಲವ್ರು ಕೇಳಬೇಕಾದವ್ರಿಗೆ ಕೇಳಂಗಿಲ್ಲ. ತಾವೇ ತಿಳಕೊಂಡು ಕುಂದರ್ತಾರ."

ಹಣ್ಣು ಸುಲಿಯುತ್ತಿದ್ದ ಬೆರಳು ನಿಂತಿತು. ಅವನು ಹದಿನೈದು ದಿನದಲ್ಲಿ ಮೊದಲ ಸಲ ಆಕೆಯನ್ನು ನೆಟ್ಟಗೆ ನೋಡಿದ. ಇನ್ನೊಂದೇ ಮಾತು, ಇನ್ನೊಂದೇ.

"ನನ್ನ ಮೊಣಕಾಲು ಹಿಡಕೊಂಡಾವ," ಎಂದರು ಶಂಕ್ರಮ್ಮ. "ನಿಮ್ಮ ಕೆಲವ್ರ ಸುದ್ದಿ ಆಮ್ಯಾಲ ಆಗ್ಲಿ. ನಡೀರಿ ಮನೀಗೆ."

ಮುಂದಿನ ನಾಲ್ಕು ದಿನ ಹೇಳುವಂಥದ್ದು ಏನೂ ಇಲ್ಲ. ಹೇಳುವಂಥದ್ದು ಆಗಲಿಲ್ಲ ಎಂಬುದೇ ಸಂಗತಿ. ಹುಮನಾಬಾದಿನಲ್ಲಿ ಮಾವನ ಗೆಳೆಯರ ಮನೆ ತುಂಬ ಜನ. ಬೀದರಿನ ಕೋಟೆಯಲ್ಲಿ ಗಂಡಸರು ಬುರುಜು ಹತ್ತಿದರೆ ಹೆಂಗಸರು ನೆರಳಿಗೆ ಕುಳಿತರು. ಬಾವಿಯ ಕಟ್ಟೆಯಲ್ಲಿ ಒಮ್ಮೆ ಅವನು ಎದುರಿಗೇ ಬಂದ, ಆಕೆ ಬಾಯಿ ತೆರೆದಳು, ಮೋಟಾರಿಗೆ ನೀರು ಬೇಕೆಂದು ಸಲಾವುದ್ದೀನ್ ಡಬ್ಬಿ ಹಿಡಿದು ನಡುವೆ ಬಂದ. ಎಲ್ಲೆಲ್ಲೂ ಶಂಕ್ರಮ್ಮ ಇದ್ದರು. ಸೆರಗಿನಂತೆ ಬೆನ್ನಿಗೇ ಇದ್ದರು. ನೀಲಗಂಗಾಳಿಗೆ ಊಟ ಸೇರದಾಯಿತು. ಸೂಗಮ್ಮ ಸೆಕೆ ಎಂದು ಮಜ್ಜಿಗೆ ಕುಡಿಸಿದರು.

ಆರನೆಯ ದಿನ ಚಿಂಚೋಳಿಯ ಗುಡ್ಡದ ದಬದಬಿ ನೋಡುವುದು, ಅಲ್ಲಿಂದ ಮನೆಗೆ. ದಬದಬಿ ಎಂದರೆ ಬಂಡೆಯ ಮೇಲಿಂದ ನೀರು ಧುಮುಕುವ ಜಾಗ. ದೌಲಪ್ಪನವರು ಈ ಪ್ರವಾಸ ಹೂಡಿದ್ದೇ ಅದಕ್ಕಾಗಿ. ಮೂವತ್ತೆರಡು ವರ್ಷದ ಹಿಂದೆ, ಮದುವೆಯ ಹೊಸತರಲ್ಲಿ ಹೈದ್ರಾಬಾದಿಗೆ ಹೋಗುವಾಗ ಅವರು ಅದನ್ನು ನೋಡಿದ್ದರು. ಅಂದಿನಿಂದ ಮನೆಯಲ್ಲಿ ಯಾರು ಮಳೆಯ ಮಾತೆತ್ತಿದರೂ ದಬದಬಿಯ ಕಥೆ ಬರುತ್ತಿತ್ತು.

ಏರಿನಲ್ಲಿ ಮೋಟಾರು ಉಸಿರುಗಟ್ಟಿ ನಿಂತಿತು. "ಇಂಜಿನ್ ಗರಂ ಆಗ್ಯಾದ್ರಿ ಸಾವ್ಕಾರ್, ಜರಾ ಎಲ್ಲಾರೂ ಇಳೀರಿ," ಎಂದ ಸಲಾವುದ್ದೀನ್. ಎಲ್ಲರೂ ಇಳಿದು ನಡೆದರು. ನೀಲಗಂಗಾ ಬೇಗ ಬೇಗ ಹೆಜ್ಜೆ ಹಾಕಿ ಗಂಡನ ಹಿಂದೆ ನಾಲ್ಕು ಮಾರಿನವರೆಗೆ ಬಂದಳು. ಅಷ್ಟರಲ್ಲಿ ಮಾವ ಮಗನ ಹೆಗಲಿಗೆ ಕೈ ಹಾಕಿ ಆ ಹಳೆಯ ಕಥೆ ಹೊರಗೆ ತೆಗೆದರು. ಏನು ನೀರು, ಏನು ಸಪ್ಪಳ. ಮಗ್ಗುಲಲ್ಲಿ ನಿಂತವನು ಒದರಿದರೂ ಕೇಳುವುದಿಲ್ಲ, ಮನುಷ್ಯ ತನ್ನ ಮಾತು ತಾನೇ ಕೇಳಲಾರ ಎಂದರು.

ನೀಲಗಂಗಾ ಹಾದಿಯಲ್ಲೇ ನಿಂತಳು. ಅಂಥ ಸಪ್ಪಳವಿದ್ದರೆ ಅತ್ತೆ, ಶಂಕ್ರಮ್ಮ, ಮಾವ ಎಲ್ಲರ ಕಣ್ಣ ಮುಂದೆಯೇ ಗಂಡನ ಮಗ್ಗುಲಿಗೆ ನಿಂತು ಹೇಳಿಬಿಡಬಹುದು. ನೀರು ನೋಡುತ್ತಿದ್ದೇನೆ ಎಂಬಂತೆ ಮುಖ ಅತ್ತ ಇಟ್ಟು, ನಾ ಬರ್ತೀನಿ ಎಂದರಾಯಿತು. ಯಾರಿಗೂ ಕೇಳದ ಮಾತು ಗಂಡನಿಗೆ ಮಾತ್ರ ಹೇಗೆ ಕೇಳೀತು ಎಂದು ಆಕೆ ಯೋಚಿಸಲಿಲ್ಲ. ಆರು ದಿನ ಬಾಯಿ ಕಟ್ಟಿದವರಿಗೆ ಅಷ್ಟು ಬುದ್ಧಿ ಉಳಿಯುವುದಿಲ್ಲ.

ಮೋಟಾರು ಹೋಗದ ಕಡೆ ಕಾಲುದಾರಿ ಹಿಡಿದರು. ತೇಗದ ಒಣ ಎಲೆ ಕಾಲಡಿ ಮುರಿಯುತ್ತಿತ್ತು. ಆಕೆ ಕಿವಿಗೊಟ್ಟು ನಡೆದಳು. ಇನ್ನೇನು ಕೇಳುತ್ತದೆ ಎಂದುಕೊಂಡಳು. ಒಂದು ತಿರುವು ದಾಟಿತು, ಎರಡನೆಯದೂ ದಾಟಿತು. ಹಕ್ಕಿಯ ದನಿ, ಶಂಕ್ರಮ್ಮನ ಏದುಸಿರು ಬಿಟ್ಟರೆ ಏನೂ ಇಲ್ಲ.

ಮೂರನೆಯ ತಿರುವಿನಲ್ಲಿ ದಬದಬಿ ಕಂಡಿತು. ಆಳುದ್ದದ ಹತ್ತು ಪಟ್ಟು ಎತ್ತರದ ಕರಿ ಬಂಡೆ, ಅದರ ಮೈಮೇಲೆ ಒಂದು ಒದ್ದೆ ಗೆರೆ. ಕೆಳಗಿನ ಮಡುವಿನಲ್ಲಿ ಎಮ್ಮೆ ಮಲಗುವಷ್ಟು ಹಸಿರು ನೀರು. ಮೇಲಿನಿಂದ ಆಗೊಮ್ಮೆ ಈಗೊಮ್ಮೆ ಒಂದು ಹನಿ ಬೀಳುತ್ತಿತ್ತು. ಬಿದ್ದರೆ ಟಪ್ ಎಂದು ಕೊಳ್ಳಕ್ಕೆಲ್ಲ ಕೇಳುತ್ತಿತ್ತು.

ದೌಲಪ್ಪನವರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ತಾವು ಬಂದಿದ್ದು ಶ್ರಾವಣದಲ್ಲಿ ಎಂಬುದು ಅವರಿಗೆ ಈಗ ನೆನಪಾಗಿತ್ತು. ಅಣವೀರಪ್ಪ ನಗು ತಡೆಯಲು ಆಚೆ ತಿರುಗಿದ. ಶಂಕ್ರಮ್ಮ ಒಂದು ಕಲ್ಲಿನ ಮೇಲೆ ಕುಳಿತು, ಸಿದ್ಧಬಸವಾ ಎಂದು ಮೆಲ್ಲಗೆ ಅಂದುಕೊಂಡರು. ಎದುರಿನ ಬಂಡೆಯೂ ಅದನ್ನು ಹಾಗೇ ತಿರುಗಿ ಹೇಳಿತು. ಪಿಸುಮಾತನ್ನು ಕೂಡ ಮರೆಮಾಚದ ಜಾಗ ಅದು. ನೀಲಗಂಗಾಳ ಕಣ್ಣಿಗೆ ನೀರು ಬಂತು. ಇಡೀ ದಬದಬಿಯಲ್ಲಿ ಇದ್ದ ನೀರು ಅಷ್ಟೇ.

ಬುತ್ತಿ ಬಿಚ್ಚಿದರು. ರೊಟ್ಟಿ ಮುರಿದ ಸದ್ದು ಕೂಡ ಬಂಡೆಗೆ ಬಡಿದು ಬರುತ್ತಿತ್ತು. ತಮ್ಮನ ಮುಖ ನೋಡಲಾಗದೆ ಶಂಕ್ರಮ್ಮ ಏನಾದರೂ ಮಾಡಬೇಕೆಂದು, ಸೊಸೆಗೆ ಗಂಡನ ಹೆಸರು ಹೇಳೆಂದರು. ಗಂಡನ ಹೆಸರನ್ನು ಹೆಂಗಸರು ಬರಿದೇ ಹೇಳುವಂತಿಲ್ಲ. ನಾಲ್ಕು ಜನರ ಮುಂದೆ, ಪ್ರಾಸ ಕಟ್ಟಿ, ಒಡಪಿನೊಳಗೆ ಇಟ್ಟು ಹೇಳಬೇಕು. ಅದು ನಗೆಯಾಟದ ಶಾಸ್ತ್ರ. ಮದುವೆಯ ದಿನ ಬೆಲ್ಲ, ಕೊಬ್ಬರಿ ಎಂದೇನೋ ಕಟ್ಟಿ ಆಕೆಯೂ ಹೇಳಿದ್ದಳು.

ನೀಲಗಂಗಾ ಎದ್ದು ನಿಂತಳು. ಕೈಯಲ್ಲಿ ಹೋಳಿಗೆಯ ಚೂರು ಹಾಗೇ ಇತ್ತು. ಒಮ್ಮೆ ಮಾವನನ್ನು, ಒಮ್ಮೆ ಅತ್ತೆಯನ್ನು ನೋಡಿದಳು. ಹಾಳಾಗಲಿ ಎಂದುಕೊಂಡಳು. ಗಂಡನನ್ನೇ ನೋಡುತ್ತ ಹೇಳಿದಳು.

"ಗುಡ್ಡ ಹತ್ತಿ ಬಂದ ಮ್ಯಾಲ ಹಳ್ಳ ಬತ್ತಿತ್ತು,
ಆರು ದಿನದ ನನ್ನ ಮಾತು ಗಂಟ್ಲಾಗ ಹತ್ತಿತ್ತು,
ಅಣವೀರಪ್ಪನವರು ನನ್ನೇ ಕೇಳಿದ್ರ ಸಾಕಿತ್ತು,
ವರಂಗಲ್ಲಿಗೆ ನನ್ನ ಗಂಟು ಎಂದೋ ಕಟ್ಟಿತ್ತು."

ಕಟ್ಟಿತ್ತು, ಎಂದು ಬಂಡೆಯೂ ಹೇಳಿತು. ಅಣವೀರಪ್ಪನ ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಅವನ ಕಿವಿ ಕಮಲಾಪುರದ ಬಾಳೆಯಷ್ಟು ಕೆಂಪಾದವು. ಯಾರೂ ನಗಲಿಲ್ಲ.

ಸೂಗಮ್ಮ ತಾಟು ಕೆಳಗಿಟ್ಟರು. "ನಾ ಕೇಳಿದ್ನಲ್ಲ ನಿನಗ. ನೀವು ಹೇಳಿದಂಗ ಅಂದಿ."

ನೀಲಗಂಗಾ ಕೂರಲಿಲ್ಲ. "ಮತ್ತೇನು ಅನ್ಲಿಕ್ಕೆ ಬರ್ತಿತ್ರಿ ಅತ್ತಿ? ನನ್ನ ಜಾಗಾದಾಗ ನೀವಿದ್ರ ಏನಂತಿದ್ರಿ?"

ಇದು ಎದುರುಮಾತು. ಇದಕ್ಕೆ ಆ ಮನೆಯಲ್ಲಿ ಹಿಂದೆಂದೂ ಉತ್ತರ ಕೊಡುವ ಪ್ರಸಂಗ ಬಂದಿರಲಿಲ್ಲ. ಸೂಗಮ್ಮ ಸೊಸೆಯನ್ನು ದಿಟ್ಟಿಸಿದರು. ಬೈಗುಳ ಬರುತ್ತದೆಂದು ಎಲ್ಲರೂ ಕಾದರು. ಒಂದು ಹನಿ ಬಿತ್ತು, ಟಪ್ ಎಂದಿತು.

"ನಾನೂ ಅದನ್ನೇ ಅಂದಿದ್ದೆ," ಎಂದರು ಸೂಗಮ್ಮ.

ಯಾರಿಗೆ ಎಂದು ದೌಲಪ್ಪನವರು ಕೇಳಿದರು.

"ನಿಮ್ಮವ್ವಗ. ನೀವು ಹೈದ್ರಾಬಾದಿಗೆ ಹೋಗೋಮುಂದ."

ಮದುವೆಯಾದ ವರ್ಷವೇ ದೌಲಪ್ಪನವರು ಹೈದ್ರಾಬಾದಿನ ಸೇಠರೊಬ್ಬರ ಅಂಗಡಿಯಲ್ಲಿ ವ್ಯಾಪಾರ ಕಲಿಯಲು ಹೋಗಿ ಎರಡು ವರ್ಷ ಒಬ್ಬರೇ ಇದ್ದರು. ಹೆಂಡತಿ ಕಲಬುರಗಿಯಲ್ಲಿ ಅತ್ತೆಯ ಹತ್ತಿರ ಉಳಿದಿದ್ದಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಅದರೊಳಗೆ ಇನ್ನೊಂದು ಸಂಗತಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

"ಆಕಿಗೆ ಬರೋ ಮನಸಿಲ್ಲ ಅಂತ ಹೇಳಿದ್ಲು ನಮ್ಮವ್ವ," ಎಂದರು ದೌಲಪ್ಪನವರು.

"ಮನಸಿತ್ತು."

ಅವರು ಹೆಂಡತಿಯನ್ನು ನೋಡಿದರು. ಆಮೇಲೆ ಬಂಡೆಯ ಮೇಲಿನ ಒದ್ದೆ ಗೆರೆಯನ್ನು ನೋಡಿದರು. ಅಂಗಡಿಯಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಮಾತಾಡುವ ಮನುಷ್ಯನ ದನಿ ಸಣ್ಣದಾಗಿತ್ತು.

"ಇಲ್ಲೇ ನಿಂತು ನಿನಗ ಬೈದೀನಿ ನಾ. ಬಾಯಿಗೆ ಬಂದಂಗ ಬೈದೀನಿ. ನೀರಿನ ಸಪ್ಪಳದಾಗ ಯಾರಿಗೂ ಕೇಳಲಿಲ್ಲ."

ಸೂಗಮ್ಮ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು. "ಈಗ ಬೈರಿ," ಎಂದರು. "ಈಗ ಕೇಳಸ್ತದ."

ದೌಲಪ್ಪನವರಿಗೆ ಮೂವತ್ತೆರಡು ವರ್ಷ ಹಳೆಯ ಬೈಗುಳ ಒಂದೂ ಬರಲಿಲ್ಲ. ಕೊನೆಗೆ ತಮ್ಮ ತಾಟಿನ ಹೋಳಿಗೆ ಎತ್ತಿ, ಎಲ್ಲರೂ ನೋಡುತ್ತಿದ್ದಂತೆ, ಹೆಂಡತಿಯ ತಾಟಿಗೆ ಹಾಕಿದರು. ಅಂಥದ್ದನ್ನು ಅವರು ಹಿಂದೆ ಮಾಡಿದ್ದನ್ನು ಮಗನೂ ನೋಡಿರಲಿಲ್ಲ, ಅಕ್ಕನೂ ನೋಡಿರಲಿಲ್ಲ. ಶಂಕ್ರಮ್ಮ ಮಡುವಿನ ಕಡೆ ಮುಖ ಮಾಡಿಕೊಂಡರು.

ಸೂಗಮ್ಮ ಹೋಳಿಗೆ ಪೂರ್ತಿ ಉಂಡು, ಕೈ ತೊಳೆದು, ಆಮೇಲೆ ಸೊಸೆಯ ಕಡೆ ತಿರುಗಿದರು.

"ಹೋಗು ಅವನ ಜೋಡಿ. ನೀ ಹೊಂಟ್ರ ನನಗೇನೂ ಚೆಂದ ಅನಸಂಗಿಲ್ಲ, ಖರೇ ಹೇಳ್ತೀನಿ. ಆದ್ರ ಹೋಗು."

ನೀಲಗಂಗಾ ಕಾಲಿಗೆ ಬೀಳಲು ಬಗ್ಗಿದಳು. ಸೂಗಮ್ಮ ಆಕೆಯ ತೋಳು ಹಿಡಿದು ಎಬ್ಬಿಸಿ, ಒಂದು ಗಳಿಗೆ ಬಿಡದೆ ಹಿಡಿದರು. ಊರು ಮುಟ್ಟಿದ ಮರುದಿನವೇ ಮಠದ ಅಯ್ಯನವರನ್ನು ಕರೆಸಿ, ನಿಜ ವೈಶಾಖದಲ್ಲಿ ಪ್ರಸ್ತಕ್ಕೆ ದಿನ ಗೊತ್ತು ಮಾಡಬೇಕೆಂದು ಗಂಡನಿಗೆ ಅಪ್ಪಣೆ ಮಾಡಿದರು. ಅಣವೀರಪ್ಪನ ರೈಲು ಅಷ್ಟು ದಿನ ತಡೆಯಲಿ ಎಂದರು. ಅವನು ತಲೆ ಬಗ್ಗಿಸಿ ಹೂಂ ಎಂದ.

ಇಳಿಯುವಾಗ ದೌಲಪ್ಪನವರು, ಸೂಗಮ್ಮ ಇಬ್ಬರೂ ಮುಂದೆ ಹೋದರು, ಏನನ್ನೋ ತಗ್ಗಿದ ದನಿಯಲ್ಲಿ ಜಗಳವಾಡುತ್ತ. ಶಂಕ್ರಮ್ಮ ಅವರ ಹಿಂದೆ ಹೊರಟರು. ಅಧಿಕ ಮಾಸ ಇನ್ನೂ ನಾಲ್ಕು ದಿನ ಅದ ಎಂದು ಎಚ್ಚರಿಸುವುದನ್ನು ಮರೆಯಲಿಲ್ಲ. ಆದರೆ ಬಿಸಿಲು ಕಣ್ಣಿಗೆ ಬಡಿದು ತಮಗೇನೂ ಕಾಣುತ್ತಿಲ್ಲ ಎಂದೂ ಸೇರಿಸಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡರು.

ಕಾಲುದಾರಿಯಲ್ಲಿ ಇಬ್ಬರೇ ಉಳಿದರು. ತೇಗದ ಎಲೆಯ ಮೇಲೆ ನಾಲ್ಕು ಕಾಲಿನ ಸದ್ದು. ಅವನ ಕೋಟಿನ ತೋಳು ಆಕೆಯ ಸೆರಗಿಗೆ ತಾಗಿತು, ದೂರವಾಯಿತು, ಮತ್ತೆ ತಾಗಿತು. ಮೂರು ತಿಂಗಳು ಈ ಗಳಿಗೆಗೆ ಕಾದವಳು ಆಕೆ. ಈಗ ಅವನು ಏನಾದರೂ ಸವಿಯಾಗಿ ಹೇಳಬಹುದೆಂದು ಕಾದಳು.

"ಅಲ್ಲಿ ಮನಿ ಇಲ್ಲ," ಎಂದ ಅಣವೀರಪ್ಪ. "ಡೇರಾದಾಗ ಇರಬೇಕು. ಹಾವು ಭಾಳ ಅಂತ. ಮಂದಿ ತೆಲುಗು ಆಡ್ತಾರ."

ಅಷ್ಟೇ ಸಾಕಾಯಿತು. ಹದಿನೈದು ದಿನದ ಸಿಟ್ಟು ಒಮ್ಮೆಲೇ ಬಾಯಿಗೆ ಬಂತು. ನಾನೇನು ಬಂಗಲೆ ಕೇಳಿದ್ದೆನೇ ಎಂದಳು. ಹಾವು ಕಮಲಾಪುರದಲ್ಲೂ ಇವೆ ಎಂದಳು. ತೆಲುಗು ಮಂದಿ ಬಾಯಿ ಬಿಟ್ಟು ಮಾತಾಡುತ್ತಾರಲ್ಲ, ಕಲಿಯಬಹುದು; ಬಾಯಿ ಬಿಡದವರ ಜೋಡಿ ಏನು ಮಾಡುವುದು ಎಂದಳು. ಗಂಡನ ಜೊತೆ ಆಕೆ ಆಡಿದ ಮೊದಲ ಮಾತುಗಳು ಇವು.

"ನನ್ನ ಯಾಕ ಕೇಳ್ಲಿಲ್ಲ ನೀವು?"

ಅವನು ನಡೆಯುವುದನ್ನು ನಿಲ್ಲಿಸಿದ. ರುಮಾಲು ತೆಗೆದು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಇಟ್ಟುಕೊಂಡ.

"ನೀ ಒಲ್ಲೆ ಅಂದ್ರ ಅಂತ ಅಂಜಿದೆ. ಅವ್ವನ ಬಾಯಿಂದ ಆದ್ರ ತಡಕೋಬಹುದು ಅನಿಸ್ತು. ನಿನ್ನ ಬಾಯಿಂದ ಕೇಳ್ಲಿಕ್ಕೆ ಆಗ್ತಿರ್ಲಿಲ್ಲ."

"ತಡಕೊಂಡ್ರೇನು?"

"ಇಲ್ಲ," ಎಂದ. "ಒಂದು ದಿನಾನೂ ಸರಿಯಾಗಿ ಉಂಡಿಲ್ಲ ನಾ."

ನೀಲಗಂಗಾಳಿಗೆ ಒಳಗೊಳಗೆ ಎಷ್ಟು ಹಿತವಾಯಿತೆಂದರೆ, ಸಿಟ್ಟು ಎಲ್ಲಿ ಮುಗಿದುಹೋಗುವುದೋ ಎಂದು ಹೆದರಿಕೆಯಾಯಿತು. ಆಕೆ ಸೆರಗು ಬಿಗಿದುಕೊಂಡು, ಮುಖ ಗಂಟಿಕ್ಕಿಯೇ ಹೇಳಿದಳು, ಇನ್ನು ಮುಂದೆ ತನ್ನನ್ನು ಕೇಳುವುದಿದ್ದರೆ ತನ್ನನ್ನೇ ಕೇಳಬೇಕು, ಜೋಳದ ಮೊರದ ಮುಂದೆ ಯಾರನ್ನೂ ಕೂರಿಸಬಾರದು.

ಅವನು ಸುತ್ತ ನೋಡಿದ. ಶಂಕ್ರಮ್ಮ ದೂರ ಹೋಗಿದ್ದರು. ಅವನು ಆಕೆಯ ಕೈ ಹಿಡಿದ. ಮದುವೆಯ ದಿನ ಅಯ್ಯನವರು ಹಿಡಿಸಿದ ಮೇಲೆ ಇದೇ ಮೊದಲು. ಅಂಗೈ ಬೆವೆತಿತ್ತು, ಯಾರದೆಂದು ತಿಳಿಯಲಿಲ್ಲ.

"ಬರ್ತಿಯೇನು ನನ್ನ ಜೋಡಿ?"

"ಬರ್ತೀನಿ."

ಕೆಳಗೆ ಸಲಾವುದ್ದೀನ್ ಹಾರ್ನ್ ಒತ್ತಿದ. ಮೋಟಾರು ಮುಟ್ಟಲು ಇನ್ನೂ ಎರಡು ತಿರುವು ಇದ್ದವು. ಅಲ್ಲಿಂದ ಮನೆಯವರೆಗೆ ಮತ್ತೆ ಆ ಬೆನ್ನೇ ಗತಿ, ಮನೆಯಲ್ಲಿ ಮತ್ತೆ ನಾಲ್ಕು ದಿನ ಶಂಕ್ರಮ್ಮನ ಕಾಯಿದೆ. ಆಕೆಯ ಹೊಟ್ಟೆಯೊಳಗೆ ಇನ್ನೂ ಎಷ್ಟೋ ತಕರಾರು ಉಳಿದಿದ್ದವು. ನೀಲಗಂಗಾ ಕೈ ಬಿಡಿಸಿಕೊಳ್ಳಲಿಲ್ಲ, ನಡಿಗೆ ಮಾತ್ರ ಆದಷ್ಟು ನಿಧಾನ ಮಾಡಿ, ಮದುವೆಯ ಮರುದಿನದಿಂದ ಒಂದೊಂದಾಗಿ ಹೇಳತೊಡಗಿದಳು.